ಲಾಜಿಟೆಕ್ ಆರ್‌400 ಕ್ಲಿಕ್ಕರ್: ದೊಡ್ಡ ಸಭೆಯ ಮುಂದೆ ಮಾತನಾಡುವವರಿಗೆ ಎಷ್ಟು ಉಪಯುಕ್ತ?

ಕ್ಲಿಕ್ಕರ್ ಎಂದರೆ ದೂರದಿಂದ ಸ್ಲೈಡ್ ಬದಲಾಯಿಸುವ ಗುಂಡಿ ಎಂದಷ್ಟೇ ತಿಳಿದು ಅದನ್ನು ಕೊಳ್ಳುವವರು ಬಹಳ. ಅಷ್ಟಕ್ಕೆ ಇಷ್ಟು ಹಣವೇಕೆ ಎಂದು ಕೊಳ್ಳದೆ ಬಿಡುವವರು ಇನ್ನೂ ಬಹಳ. ತುಮಕೂರು ಜಿಲ್ಲೆಯ ಕಾಲೇಜು ಸಭಾಂಗಣಗಳಲ್ಲಿ, ಹೋಬಳಿ ಕೇಂದ್ರಗಳ ಸಮುದಾಯ ಭವನಗಳಲ್ಲಿ, ತಿಪಟೂರು ಕಡೆಯ ತೆಂಗು ಬೆಳೆಗಾರರ ಸಭೆಗಳಲ್ಲಿ ಚಿತ್ರಗಳನ್ನು ತೋರಿಸುತ್ತ ಮಾತನಾಡುವ ಕೆಲಸ ನನ್ನದು. ಲಾಜಿಟೆಕ್ ಕಂಪನಿಯ ಆರ್‌400 ಎಂಬ ವೈರ್‌ಲೆಸ್ ಪ್ರೆಸೆಂಟರನ್ನು ಈ ಕೆಲಸಕ್ಕೆ ಸಾಕಷ್ಟು ಕಾಲ ಬಳಸಿದ ಮೇಲೆ ಅದರ ಬಗ್ಗೆ ನಾನು ಹೇಳಬೇಕಾದದ್ದು ಸ್ಪಷ್ಟವಾಗಿದೆ. ಸ್ಲೈಡ್ ಬದಲಾಯಿಸುವುದು ಇದರ ಸಣ್ಣ ಉಪಯೋಗ. ಮಾತನಾಡುವವರನ್ನು ಲ್ಯಾಪ್‌ಟಾಪ್ ಇಟ್ಟ ಮೇಜಿನಿಂದ ಬಿಡಿಸುವುದು, ಬೇಕೆಂದಾಗ ಪರದೆಯನ್ನೇ ಕಪ್ಪಾಗಿಸಿ ನೂರಾರು ಜನರ ಕಣ್ಣನ್ನು ಮಾತನಾಡುವವರ ಕಡೆಗೆ ತಿರುಗಿಸುವುದು, ಇವೆರಡೇ ಇದರ ದೊಡ್ಡ ಉಪಯೋಗಗಳು. ಈ ಎರಡಕ್ಕೂ ಸಿದ್ಧರಾಗದವರ ಕೈಯಲ್ಲಿ ಇದು ಒಂದು ಕೆಂಪು ಚುಕ್ಕೆಯ ಟಾರ್ಚ್ ಮಾತ್ರ.

ಮೊದಲು ಸಾಧನದ ಸ್ವರೂಪ. ಅಂಗೈಯಲ್ಲಿ ಹಿಡಿದರೆ ಹೆಬ್ಬೆರಳು ತಾನಾಗಿ ಗುಂಡಿಗಳ ಮೇಲೆ ಕೂರುವಂತೆ ಬಳುಕಿಸಿದ ಕಪ್ಪು ಬಣ್ಣದ ಹಗುರವಾದ ವಸ್ತು. ಮೇಲ್ಗಡೆ ಲೇಸರ್ ಗುಂಡಿ, ನಡುವೆ ಹಿಂದಕ್ಕೂ ಮುಂದಕ್ಕೂ ಹೋಗುವ ಎರಡು ದೊಡ್ಡ ಗುಂಡಿಗಳು, ಅವುಗಳ ಕೆಳಗೆ ಪ್ರದರ್ಶನ ಆರಂಭಿಸುವ ಒಂದು ಮತ್ತು ಪರದೆ ಕಪ್ಪಾಗಿಸುವ ಒಂದು, ಹೀಗೆ ಎರಡು ಸಣ್ಣ ಗುಂಡಿಗಳು. ಪಕ್ಕದಲ್ಲಿ ಆನ್ ಮತ್ತು ಆಫ್ ಮಾಡುವ ಸ್ವಿಚ್. ಲ್ಯಾಪ್‌ಟಾಪಿಗೆ ಚುಚ್ಚುವ ಪುಟ್ಟ ಯುಎಸ್‌ಬಿ ರಿಸೀವರ್ ಕ್ಲಿಕ್ಕರಿನ ಹೊಟ್ಟೆಯೊಳಗೇ ಸೇರಿಕೊಳ್ಳುತ್ತದೆ. ಕಳೆದುಹೋಗಲು ಅತಿ ಸುಲಭವಾದ ಭಾಗಕ್ಕೆ ಹೀಗೊಂದು ಜಾಗ ಮಾಡಿಟ್ಟಿರುವುದು ನಿಜವಾದ ವಿವೇಕ. ಇದಕ್ಕೆ ಯಾವ ತಂತ್ರಾಂಶವನ್ನೂ ಹಾಕಬೇಕಾಗಿಲ್ಲ. ಲ್ಯಾಪ್‌ಟಾಪಿನ ಕಣ್ಣಿಗೆ ಈ ರಿಸೀವರ್ ಒಂದು ಕೀಬೋರ್ಡ್. ಮುಂದಿನ ಗುಂಡಿ ಒತ್ತಿದರೆ ಪೇಜ್ ಡೌನ್ ಕೀ ಒತ್ತಿದಂತೆ, ಹಿಂದಿನದಕ್ಕೆ ಪೇಜ್ ಅಪ್, ಆರಂಭದ ಗುಂಡಿಗೆ ಎಫ್5 ಇಲ್ಲವೇ ಎಸ್ಕೇಪ್, ಕಪ್ಪು ಪರದೆಗೆ ಪೂರ್ಣವಿರಾಮದ ಚುಕ್ಕೆ. ಇಷ್ಟು ಸರಳವಾಗಿರುವುದರಿಂದಲೇ ಯಾರದೋ ಲ್ಯಾಪ್‌ಟಾಪಿಗೆ, ಯಾವುದೋ ಊರಿನಲ್ಲಿ, ಕಾರ್ಯಕ್ರಮ ಆರಂಭವಾಗುವ ಹೊತ್ತಿಗೆ ಚುಚ್ಚಿದರೂ ಇದು ಕೆಲಸ ಮಾಡುತ್ತದೆ. ನಮ್ಮ ಕಡೆಯ ಸಭೆಗಳಲ್ಲಿ ಲ್ಯಾಪ್‌ಟಾಪ್ ಸಾಮಾನ್ಯವಾಗಿ ಮೈಕ್‌ಸೆಟ್‌ನವರದ್ದೋ ಕಾಲೇಜಿನದ್ದೋ ಆಗಿರುತ್ತದೆ. ಅದರಲ್ಲಿ ಹೊಸ ತಂತ್ರಾಂಶ ಹಾಕಲು ಸಮಯವೂ ಇರುವುದಿಲ್ಲ, ಪಾಸ್‌ವರ್ಡೂ ಯಾರಿಗೂ ಗೊತ್ತಿರುವುದಿಲ್ಲ.

ಕಪ್ಪು ಪರದೆಯ ಗುಂಡಿಯ ಬಗ್ಗೆ ಸ್ವಲ್ಪ ವಿಸ್ತಾರವಾಗಿ ಹೇಳಲೇಬೇಕು, ಏಕೆಂದರೆ ಕ್ಲಿಕ್ಕರ್ ಹಿಡಿದ ಹೆಚ್ಚಿನವರು ಅದನ್ನು ಮುಟ್ಟುವುದೇ ಇಲ್ಲ. ಬೆಳಗುತ್ತಿರುವ ದೊಡ್ಡ ಪರದೆ ಇರುವವರೆಗೆ ಸಭಿಕರ ದೃಷ್ಟಿ ಅಲ್ಲೇ ಇರುತ್ತದೆ. ಭಾಷಣಕಾರರು ಎಷ್ಟೇ ಚೆನ್ನಾಗಿ ಮಾತನಾಡಿದರೂ ಅವರು ಪರದೆಯ ಪಕ್ಕದಲ್ಲಿ ನಿಂತ ಒಂದು ಧ್ವನಿಯಷ್ಟೇ. ಪರದೆ ಕಪ್ಪಾದ ಕೂಡಲೇ ತಲೆಗಳು ತಿರುಗುತ್ತವೆ. ಗುಬ್ಬಿ ಕಂಪನಿ ಹುಟ್ಟಿದ ಜಿಲ್ಲೆ ನಮ್ಮದು. ಕಂಪನಿ ನಾಟಕಗಳಲ್ಲಿ ಹಿಂದೆ ದೃಶ್ಯ ಬದಲಾಗುವಷ್ಟು ಹೊತ್ತು ಪರದೆ ಬಿಟ್ಟು, ಹಾಸ್ಯಪಾತ್ರಧಾರಿ ಆ ಪರದೆಯ ಮುಂದೆ ಒಬ್ಬನೇ ಬಂದು ಸಭೆಯನ್ನು ಹಿಡಿದಿಡುವ ಪದ್ಧತಿಯಿತ್ತು. ಅರಮನೆ, ಕಾಡು, ಸ್ವರ್ಗ ಯಾವುದೂ ಕಾಣದ ಆ ಹೊತ್ತಿನಲ್ಲಿ ಜನ ನಟನನ್ನು ಮಾತ್ರ ನೋಡುತ್ತಿದ್ದರು. ಗುಬ್ಬಿ ವೀರಣ್ಣನವರು ಹಾಸ್ಯನಟರಾಗಿಯೇ ಮೊದಲು ಮನೆಮಾತಾದರು ಎಂಬುದನ್ನು ನೆನೆದರೆ, ಪರದೆಯ ಮುಂದೆ ಬರಿಗೈಯಲ್ಲಿ ನಿಲ್ಲುವ ಹೊತ್ತಿಗೆ ಎಷ್ಟು ಬೆಲೆಯಿತ್ತು ಎಂಬುದು ಅರ್ಥವಾಗುತ್ತದೆ. ಕ್ಲಿಕ್ಕರಿನ ಈ ಪುಟ್ಟ ಗುಂಡಿ ನಮಗೆ ಕೊಡುವುದು ಅದೇ ಅವಕಾಶವನ್ನು.

ಒಂದು ಉದಾಹರಣೆ ಕೊಡುತ್ತೇನೆ. ತೆಂಗಿನ ಕಪ್ಪುತಲೆ ಹುಳುವಿನ ಬಗ್ಗೆ ಬೆಳೆಗಾರರಿಗೆ ಹೇಳುವಾಗ ಮೊದಲು ಒಂದೇ ಒಂದು ಚಿತ್ರ ತೋರಿಸಬೇಕು: ದೂರದಿಂದ ಬೆಂಕಿ ತಗುಲಿದಂತೆ ಕಾಣುವ, ಕೆಳಗಿನ ಗರಿಗಳೆಲ್ಲ ಒಣಗಿದ ತೋಟ. ಅದನ್ನು ನೋಡಲು ಒಂದಿಷ್ಟು ಸಮಯ ಕೊಟ್ಟು ಪರದೆಯನ್ನು ಆರಿಸಿ, ವೇದಿಕೆಯ ಮುಂಚೂಣಿಗೆ ಬಂದು, ತಮ್ಮ ತೋಟದಲ್ಲಿ ಇಂಥ ಮರಗಳನ್ನು ಕಂಡವರು ಕೈ ಎತ್ತಬೇಕೆಂದು ಕೇಳಬೇಕು. ಕೈಗಳು ಮೇಲೇಳುತ್ತವೆ, ಜನ ಒಬ್ಬರನ್ನೊಬ್ಬರು ನೋಡಿಕೊಳ್ಳುತ್ತಾರೆ, ಹಿಂದಿನ ಸಾಲಿನ ಹಿರಿಯರೊಬ್ಬರು ಇದು ನೀರಿಲ್ಲದೆ ಒಣಗಿದ್ದು ಎಂದು ವಾದಿಸುತ್ತಾರೆ. ಆ ವಾದ ಬೇಕು. ಅದು ಮುಗಿದ ಮೇಲೆ ಮತ್ತೆ ಪರದೆ ಬೆಳಗಿಸಿ, ಗರಿಯ ತಳಭಾಗದಲ್ಲಿ ನೂಲು ಮತ್ತು ಹಿಕ್ಕೆಯಿಂದ ಗೂಡು ಕಟ್ಟಿಕೊಂಡು ಹಸಿರನ್ನು ಕೆರೆದು ತಿನ್ನುತ್ತಿರುವ ಹುಳುವಿನ ಸಮೀಪದ ಚಿತ್ರ ತೋರಿಸಿದರೆ ಸಭೆ ಅದನ್ನು ತಾನೇ ಕೇಳಿದ ಪ್ರಶ್ನೆಗೆ ಉತ್ತರವೆಂಬಂತೆ ನೋಡುತ್ತದೆ. ಅಲ್ಲಿಂದ ಮುಂದೆ, ಆ ಹುಳುವನ್ನು ಚುಚ್ಚಿ ನಿಶ್ಚೇಷ್ಟಗೊಳಿಸಿ ಅದರ ಮೈಮೇಲೆಯೇ ಮೊಟ್ಟೆಯಿಡುವ ಗೋನಿಯೋಜಸ್ ಎಂಬ ಸಣ್ಣ ಕಣಜದ ಕಥೆ ಹೇಳುವಾಗ ಪರದೆ ಮತ್ತೆ ಕಪ್ಪಾಗಿಯೇ ಇರಬಹುದು. ಅದು ಕಣ್ಣಿಗಿಂತ ಕಿವಿಗೆ ಹೆಚ್ಚು ಹಿಡಿಸುವ ಕಥೆ. ಸ್ಲೈಡುಗಳ ಸಂಖ್ಯೆ ಹೀಗೆ ಕಡಿಮೆಯಾಗುತ್ತದೆ, ಭಾಷಣದ ಬಲ ಹೆಚ್ಚುತ್ತದೆ.

ಈ ಗುಂಡಿಗೆ ಒಂದು ಮಿತಿಯೂ ಇದೆ. ಪೂರ್ಣವಿರಾಮದ ಕೀಗೆ ಪರದೆ ಕಪ್ಪಾಗಿಸುವ ಅರ್ಥ ಪವರ್‌ಪಾಯಿಂಟ್, ಗೂಗಲ್ ಸ್ಲೈಡ್ಸ್, ಲಿಬ್ರೆಆಫೀಸ್ ಇಂಪ್ರೆಸ್ ಈ ಮೂರರಲ್ಲಿಯೂ ಇದೆ; ಆದರೆ ಪಿಡಿಎಫ್ ತೆರೆಯುವ ಸಾಮಾನ್ಯ ತಂತ್ರಾಂಶಗಳಲ್ಲಿ ಅದನ್ನು ನೆಚ್ಚಿಕೊಳ್ಳುವಂತಿಲ್ಲ. ಪಿಡಿಎಫ್ ರೂಪದಲ್ಲಿ ತೋರಿಸುವವರು ಬೇಕಾದ ಕಡೆಗಳಲ್ಲಿ ಒಂದೊಂದು ಪೂರ್ತಿ ಕಪ್ಪು ಪುಟವನ್ನು ಮೊದಲೇ ಸೇರಿಸಿಟ್ಟುಕೊಳ್ಳುವುದು ಉತ್ತಮ. ಇನ್ನೊಂದು ವಿಷಯವೆಂದರೆ ಪರದೆಯ ಬಗೆ. ಪ್ರೊಜೆಕ್ಟರಿನಲ್ಲಿ ಕಪ್ಪು ಎಂದರೆ ಮಂಕು ಬೂದು. ಎಲ್‌ಇಡಿ ವಾಲ್‌ನಲ್ಲಿ ಕಪ್ಪು ಎಂದರೆ ನಿಜವಾದ ಕತ್ತಲೆ. ವೇದಿಕೆಯ ದೀಪಗಳನ್ನು ಆರಿಸಿ ಎಲ್‌ಇಡಿ ವಾಲ್‌ನ ಬೆಳಕನ್ನೇ ನೆಚ್ಚಿಕೊಂಡ ಕಾರ್ಯಕ್ರಮದಲ್ಲಿ ಈ ಗುಂಡಿ ಒತ್ತಿದರೆ ಭಾಷಣಕಾರರೇ ಕತ್ತಲೆಯಲ್ಲಿ ನಿಲ್ಲಬೇಕಾಗುತ್ತದೆ. ಆದ್ದರಿಂದ ತಮ್ಮ ಮೇಲೆ ಬೀಳುವ ಒಂದು ದೀಪವನ್ನಾದರೂ ಉರಿಯಲು ಬಿಡುವಂತೆ ಮೊದಲೇ ಕೇಳಿಕೊಳ್ಳಬೇಕು.

ಪಕ್ಕಪಕ್ಕದಲ್ಲಿರುವ ಎರಡು ಸಣ್ಣ ಗುಂಡಿಗಳ ಬಗ್ಗೆ ಒಂದು ಎಚ್ಚರಿಕೆ. ಎಡಗಡೆಯದು ಪ್ರದರ್ಶನ ಆರಂಭಿಸುವ ಗುಂಡಿ. ಪ್ರದರ್ಶನ ನಡೆಯುತ್ತಿರುವಾಗ ಅದನ್ನು ಒತ್ತಿದರೆ ಪ್ರದರ್ಶನವೇ ನಿಂತು, ಲ್ಯಾಪ್‌ಟಾಪಿನ ಒಳಗೆಲ್ಲ ಏನಿದೆಯೋ ಅದು ಇಡೀ ಸಭೆಗೆ ಕಾಣಿಸುತ್ತದೆ. ಕಪ್ಪು ಪರದೆಯದು ಬಲಗಡೆಯದು. ಕತ್ತಲೆಯಲ್ಲಿ, ಕಣ್ಣು ಸಭಿಕರ ಮೇಲಿರುವಾಗ, ಬೆರಳು ತಾನಾಗಿ ಬಲಕ್ಕೆ ಹೋಗುವಷ್ಟು ಅಭ್ಯಾಸ ಮನೆಯಲ್ಲೇ ಆಗಬೇಕು. ತಯಾರಕರು ಈ ಎರಡನ್ನೂ ಇನ್ನಷ್ಟು ದೂರ ಇಟ್ಟಿದ್ದರೆ ಈ ಸಾಧನದ ಬಗ್ಗೆ ನನ್ನ ತಕರಾರು ಅರ್ಧ ಕಡಿಮೆಯಾಗುತ್ತಿತ್ತು.

ಮೇಜಿನಿಂದ ಬಿಡುಗಡೆ ಎಂಬ ಮಾತಿಗೆ ಬರೋಣ. ಕ್ಲಿಕ್ಕರ್ ಇಲ್ಲದ ಕಡೆ ನಡೆಯುವುದು ಎಲ್ಲರಿಗೂ ಗೊತ್ತಿರುವುದೇ: ಲ್ಯಾಪ್‌ಟಾಪಿನ ಮುಂದೆ ಒಬ್ಬ ಹುಡುಗನನ್ನು ಕೂರಿಸಿ, ಎರಡು ಮಾತಿಗೊಮ್ಮೆ ‘ಮುಂದಿನದು ಹಾಕಪ್ಪ’, ‘ಇದಲ್ಲ, ಅದರ ಹಿಂದಿನದು’ ಎನ್ನುತ್ತ ಭಾಷಣ ಸಾಗುತ್ತದೆ. ಆ ಹುಡುಗನ ತಪ್ಪೇನೂ ಇಲ್ಲ. ಭಾಷಣಕಾರರ ಮನಸ್ಸಿನಲ್ಲಿರುವ ಲಯ ಅವನಿಗೆ ತಿಳಿಯುವುದು ಹೇಗೆ? ಕ್ಲಿಕ್ಕರ್ ಆ ಲಯವನ್ನು ಮಾತನಾಡುವವರ ಕೈಗೇ ಕೊಡುತ್ತದೆ. ಆದರೆ ಇಲ್ಲಿ ಜನ ಮರೆಯುವ ಸಂಗತಿಯೊಂದಿದೆ. ಮೈಕ್ ಪೋಡಿಯಂಗೆ ಕಟ್ಟಿಹಾಕಿದ್ದರೆ ಕ್ಲಿಕ್ಕರ್ ಯಾರನ್ನೂ ಬಿಡಿಸುವುದಿಲ್ಲ. ನಮ್ಮ ಸಭಾಂಗಣಗಳಲ್ಲಿ ಪೋಡಿಯಂ ಮೈಕ್ ಕತ್ತು ಬಗ್ಗಿಸಬಹುದಾದ ಕಂಬಿಯದ್ದಾಗಿರುತ್ತದೆ. ಅದರಿಂದ ಒಂದು ಹೆಜ್ಜೆ ಆಚೆ ಸರಿದರೂ ಹಿಂದಿನ ಸಾಲಿಗೆ ಧ್ವನಿ ತಲುಪುವುದಿಲ್ಲ. ಕಾರ್ಡ್‌ಲೆಸ್ ಮೈಕ್ ಕೊಟ್ಟರೆ ಒಂದು ಕೈಯಲ್ಲಿ ಮೈಕ್, ಇನ್ನೊಂದರಲ್ಲಿ ಕ್ಲಿಕ್ಕರ್. ಮಾತಿಗೆ ತಕ್ಕಂತೆ ಆಡಿಸಲು ಕೈಯೇ ಉಳಿಯುವುದಿಲ್ಲ. ಆದ್ದರಿಂದ ಕ್ಲಿಕ್ಕರ್ ಬಳಸಲು ನಿರ್ಧರಿಸಿದವರು ಕಾರ್ಯಕ್ರಮದ ಹಿಂದಿನ ದಿನವೇ ಮೈಕ್‌ಸೆಟ್‌ನವರಿಗೆ ಫೋನ್ ಮಾಡಿ ಕಾಲರ್ ಮೈಕ್ ಇದೆಯೇ ಎಂದು ಕೇಳಬೇಕು. ಅದು ಸಿಕ್ಕಿದರೆ ಮಾತ್ರ ಆರ್‌400ರ ಪೂರ್ಣ ಪ್ರಯೋಜನ. ಸಿಗದಿದ್ದರೆ ಕಾರ್ಡ್‌ಲೆಸ್ ಮೈಕನ್ನು ಎಡಗೈಯಲ್ಲಿ ಗಲ್ಲದ ಕೆಳಗೆ ಸ್ಥಿರವಾಗಿ ಹಿಡಿದು, ಬಲಗೈಯ ಕ್ಲಿಕ್ಕರನ್ನು ಅಂಗೈಯೊಳಗೆ ಮರೆಮಾಡಿಕೊಂಡು ಬೆರಳುಗಳನ್ನು ಬಿಚ್ಚಿ ಆಡಿಸುವ ರೂಢಿ ಮಾಡಿಕೊಳ್ಳಬೇಕು. ಇದರ ಮೈಯ ಬಾಗು ಅದಕ್ಕೆ ಚೆನ್ನಾಗಿ ಒದಗುತ್ತದೆ.

ಎಷ್ಟು ದೂರದವರೆಗೆ ಇದು ಕೆಲಸ ಮಾಡುತ್ತದೆ ಎಂಬುದು ದೊಡ್ಡ ಸಭಾಂಗಣಕ್ಕೆ ಮುಖ್ಯ ಪ್ರಶ್ನೆ. ಕಂಪನಿ ಹೇಳುವುದು ಸುಮಾರು 15 ಮೀಟರ್, ಎಂದರೆ 50 ಅಡಿ. ವೇದಿಕೆಯ ಮೇಲೆ ಅತ್ತಿಂದಿತ್ತ ನಡೆಯಲು ಇದು ಬೇಕಾದಷ್ಟು. ಆದರೆ ನಮ್ಮ ಕಡೆ ಲ್ಯಾಪ್‌ಟಾಪ್ ಯಾವಾಗಲೂ ವೇದಿಕೆಯ ಮೇಲೇ ಇರುವುದಿಲ್ಲ. ಸಭಾಂಗಣದ ಹಿಂಭಾಗದಲ್ಲಿ ಸೌಂಡ್ ಮಿಕ್ಸರಿನ ಪಕ್ಕ, ಎಲ್‌ಇಡಿ ವಾಲ್ ನಡೆಸುವವರ ಬಳಿ ಇರುವುದೂ ಉಂಟು. ಅಲ್ಲಿಗೆ 80 ಅಡಿ ಇದ್ದರೆ ಈ ಕ್ಲಿಕ್ಕರನ್ನು ನೆಚ್ಚಬಾರದು. ಇದು ಬಳಸುವುದು 2.4 ಗಿಗಾಹರ್ಟ್ಸ್ ರೇಡಿಯೊ ತರಂಗ. ವೈಫೈ ಮತ್ತು ಬ್ಲೂಟೂತ್ ಕೂಡ ಇದೇ ಪಟ್ಟಿಯಲ್ಲಿ ಓಡಾಡುತ್ತವೆ, ಮನುಷ್ಯರ ದೇಹ ಈ ತರಂಗವನ್ನು ಹೀರಿಕೊಳ್ಳುತ್ತದೆ. ಖಾಲಿ ಸಭಾಂಗಣದಲ್ಲಿ ಚೆನ್ನಾಗಿ ನಡೆದದ್ದು ಜನ ತುಂಬಿ ಪ್ರತಿಯೊಬ್ಬರ ಜೇಬಿನಲ್ಲೂ ಮೊಬೈಲ್ ಇರುವಾಗ ಸ್ವಲ್ಪ ಕುಗ್ಗುವುದು ಸಹಜ. ಇನ್ನೂ ಒಂದು ಸೂಕ್ಷ್ಮವಿದೆ. ಯುಎಸ್‌ಬಿ 3.0 ಸಂಪರ್ಕಗಳು ಕೆಲಸ ಮಾಡುವಾಗ ಹೊರಡುವ ಗದ್ದಲ ಈ 2.4 ಗಿಗಾಹರ್ಟ್ಸ್ ಸಾಧನಗಳಿಗೆ ಅಡ್ಡಿಯಾಗುತ್ತದೆ ಎಂದು ಇಂಟೆಲ್ ಕಂಪನಿ 2012ರಲ್ಲೇ ತಾಂತ್ರಿಕ ಟಿಪ್ಪಣಿ ಪ್ರಕಟಿಸಿತ್ತು. ಲ್ಯಾಪ್‌ಟಾಪಿನ ಒಂದು ಪಕ್ಕದಲ್ಲಿ ವೇಗದ ಪೆನ್‌ಡ್ರೈವ್ ಚುಚ್ಚಿ ಅದರ ಪಕ್ಕಕ್ಕೇ ಈ ರಿಸೀವರನ್ನು ಚುಚ್ಚಿದರೆ ಗುಂಡಿ ಒತ್ತಿದ್ದು ಕೆಲವೊಮ್ಮೆ ತಲುಪದಿರಲು ಇದೇ ಕಾರಣವಿರಬಹುದು. ಪರಿಹಾರ ಸುಲಭ: ಒಂದು ಸಾಧಾರಣ ಯುಎಸ್‌ಬಿ ಎಕ್ಸ್‌ಟೆನ್ಷನ್ ವೈರ್ ಇಟ್ಟುಕೊಂಡು, ರಿಸೀವರನ್ನು ಮೇಜಿನ ಮುಂದಿನ ಅಂಚಿಗೆ, ತಾನು ನಿಲ್ಲುವ ಜಾಗಕ್ಕೆ ನೇರವಾಗಿ ಕಾಣುವಂತೆ ತರಬೇಕು. ಕಬ್ಬಿಣದ ಪೋಡಿಯಂ ಒಳಗೆ ಲ್ಯಾಪ್‌ಟಾಪ್ ಇಟ್ಟಿರುವ ಕಡೆ ಈ ವೈರ್ ಇಲ್ಲದೆ ಹೋಗಲೇಬಾರದು. ಕೆಲವು ಹೊಸ ತೆಳು ಲ್ಯಾಪ್‌ಟಾಪ್‌ಗಳಲ್ಲಿ ಟೈಪ್‌-ಸಿ ಕಿಂಡಿ ಮಾತ್ರ ಇರುವುದರಿಂದ ಅದಕ್ಕೆ ತಕ್ಕ ಅಡಾಪ್ಟರೂ ಚೀಲದಲ್ಲಿರಲಿ.

ಬ್ಯಾಟರಿ ವಿಷಯದಲ್ಲಿ ನನಗೆ ಸಂಪೂರ್ಣ ಸಮಾಧಾನವಿದೆ. ಟಿ.ವಿ. ರಿಮೋಟಿಗೆ ಹಾಕುವಂಥ ಎರಡು ಸಣ್ಣ ಎಎಎ ಸೆಲ್‌ಗಳು ಸಾಕು. ಕುಣಿಗಲ್ಲಿನಲ್ಲಾಗಲಿ ಪಾವಗಡದಲ್ಲಾಗಲಿ ಬಸ್ ನಿಲ್ದಾಣದ ಪಕ್ಕದ ಅಂಗಡಿಯಲ್ಲಿ ಸಿಗುತ್ತವೆ. ಚಾರ್ಜ್ ಮಾಡುವ ಕ್ಲಿಕ್ಕರ್‌ಗಳು ನೋಡಲು ಅಂದ, ಆದರೆ ಚಾರ್ಜ್ ಮುಗಿದಾಗ ಅಂಗಡಿಯಿಂದ ತರಿಸುವ ಉಪಾಯವಿಲ್ಲ.

ಇನ್ನು ಲೇಸರ್. ಕೊಳ್ಳುವವರ ಕಣ್ಣಿಗೆ ಮೊದಲು ಬೀಳುವುದು ಇದೇ, ದೊಡ್ಡ ಸಭೆಯಲ್ಲಿ ಅತಿ ಕಡಿಮೆ ಉಪಯೋಗಕ್ಕೆ ಬರುವುದೂ ಇದೇ ಎಂಬುದು ನನ್ನ ದೃಢವಾದ ಅಭಿಪ್ರಾಯ. ಇದರ ಲೇಸರ್ ಕೆಂಪು, ಲೇಸರ್ ಸುರಕ್ಷತೆಯ ವಿಂಗಡಣೆಯಲ್ಲಿ ಎರಡನೇ ವರ್ಗದ್ದು (ಕ್ಲಾಸ್ 2), 1 ಮಿಲಿವ್ಯಾಟ್‌ಗಿಂತ ಕಡಿಮೆ ಶಕ್ತಿಯದ್ದು. ಸಣ್ಣ ತರಗತಿಯಲ್ಲಿ, ಕಿಟಕಿ ಮುಚ್ಚಿದ ಕೋಣೆಯಲ್ಲಿ, ಪ್ರೊಜೆಕ್ಟರ್ ಪರದೆಯ ಮೇಲೆ ಇದು ಚೆನ್ನಾಗಿ ಕಾಣುತ್ತದೆ. ಆದರೆ ನಾಲ್ಕೂ ಕಡೆಯಿಂದ ಬೆಳಕು ಬರುವ ಸಮುದಾಯ ಭವನದಲ್ಲಿ, ಮಧ್ಯಾಹ್ನದ ಹೊತ್ತಿನಲ್ಲಿ, ಪ್ರೊಜೆಕ್ಟರಿನ ಚಿತ್ರವೇ ಮಂಕಾಗಿರುವಾಗ ಕೆಂಪು ಚುಕ್ಕೆ ಹಿಂದಿನ ಸಾಲಿಗೆ ಕಾಣುವುದಿಲ್ಲ. ಎಲ್‌ಇಡಿ ವಾಲ್‌ನ ಮೇಲೆ ಸ್ಥಿತಿ ಇನ್ನೂ ಕಷ್ಟ: ಆ ಪರದೆ ತಾನೇ ಬೆಳಕು ಸೂಸುವಂಥದ್ದು, ದೀಪಗಳ ನಡುವಿನ ಕಪ್ಪು ಮೈ ಹೊರಗಿನಿಂದ ಬಿದ್ದ ಬೆಳಕನ್ನು ಹಿಂದಿರುಗಿಸುವುದಕ್ಕಿಂತ ನುಂಗುವುದೇ ಹೆಚ್ಚು. ಮೊಬೈಲಿನಲ್ಲಿ ನೇರಪ್ರಸಾರ ನೋಡುತ್ತಿರುವವರಿಗೆ, ಸ್ಲೈಡನ್ನು ಲ್ಯಾಪ್‌ಟಾಪಿನಿಂದಲೇ ಕಳುಹಿಸುತ್ತಿದ್ದರೆ, ಲೇಸರ್ ಚುಕ್ಕೆ ಕಾಣುವ ಸಾಧ್ಯತೆಯೇ ಇಲ್ಲ. ಇವೆಲ್ಲಕ್ಕಿಂತ ಮುಖ್ಯವಾದದ್ದು ಕೈ ನಡುಕ. ದೊಡ್ಡ ಸಭೆಯ ಮುಂದೆ ನಿಂತಾಗ ಕೈ ಸ್ವಲ್ಪ ಅದುರದವರು ವಿರಳ. ಹತ್ತು ಮೀಟರ್ ದೂರದಲ್ಲಿ ಆ ಸಣ್ಣ ಅದುರು ಅಂಗೈಯಗಲ ಓಲಾಟವಾಗಿ ಕಾಣಿಸುತ್ತದೆ, ಮನಸ್ಸಿನ ಅಳುಕನ್ನು ಪರದೆಯ ಮೇಲೆ ಬರೆದು ತೋರಿಸಿದಂತೆ. ಮೊಣಕೈಯನ್ನು ಪಕ್ಕೆಗೆ ಒತ್ತಿ ಹಿಡಿದರೆ ಓಲಾಟ ಕಡಿಮೆಯಾಗುತ್ತದೆ.

ಆದರೆ ಉತ್ತಮ ದಾರಿ ಬೇರೆಯೇ ಇದೆ. ಎಲ್ಲಿಗೆ ಬೆರಳು ತೋರಿಸಬೇಕೆಂದು ನಮಗೆ ಮೊದಲೇ ಗೊತ್ತಿರುತ್ತದೆ. ಹಾಗಿದ್ದ ಮೇಲೆ ಆ ಜಾಗದಲ್ಲಿ ಒಂದು ದಪ್ಪ ಬಾಣವನ್ನೋ ವೃತ್ತವನ್ನೋ ಸ್ಲೈಡಿನಲ್ಲೇ ಹಾಕಿ, ಕ್ಲಿಕ್ ಮಾಡಿದಾಗ ಅದು ಮೂಡುವಂತೆ ಮಾಡಬಹುದು. ಗರಿಯ ತಳದ ಚಿತ್ರದಲ್ಲಿ ಹುಳುವಿನ ಗೂಡು ಎಲ್ಲಿದೆ ಎಂದು ಲೇಸರಿನಿಂದ ಹುಡುಕಿ ತೋರಿಸುವ ಬದಲು, ಮೊದಲು ಬರಿಯ ಗರಿ, ಒಂದು ಕ್ಲಿಕ್ಕಿಗೆ ಗೂಡಿನ ಸುತ್ತ ಹಳದಿ ವೃತ್ತ, ಮತ್ತೊಂದು ಕ್ಲಿಕ್ಕಿಗೆ ಆ ಭಾಗವಷ್ಟೇ ದೊಡ್ಡದಾಗಿ. ಇದು ಎಲ್‌ಇಡಿ ವಾಲ್‌ನಲ್ಲೂ ನೇರಪ್ರಸಾರದಲ್ಲೂ ಕಡೆಯ ಸಾಲಿಗೂ ಒಂದೇ ಸಮನಾಗಿ ಕಾಣುತ್ತದೆ, ಭಾಷಣಕಾರರು ಸಭೆಗೆ ಬೆನ್ನು ತೋರಿಸುವ ಪ್ರಸಂಗವೂ ಬರುವುದಿಲ್ಲ. ಶಾಲಾ ಮಕ್ಕಳ ಸಭೆಯಲ್ಲಂತೂ ಲೇಸರ್ ಗುಂಡಿಯನ್ನು ಮುಟ್ಟದಿರುವುದೇ ಲೇಸು. ಎಷ್ಟೇ ಕಡಿಮೆ ಶಕ್ತಿಯದ್ದಾದರೂ ಅದು ಯಾರ ಕಣ್ಣಿಗೂ ಬೀಳಬಾರದು.

ಕ್ಲಿಕ್ಕರ್ ಮಾಡಲಾಗದ ಒಂದು ಮುಖ್ಯ ಕೆಲಸವಿದೆ, ಅದು ನಮ್ಮ ಸಭೆಗಳ ಸ್ವಭಾವಕ್ಕೆ ನೇರವಾಗಿ ಸಂಬಂಧಿಸಿದ್ದು. ಪ್ರಾರ್ಥನೆ, ಸ್ವಾಗತ, ದೀಪ ಬೆಳಗುವುದು, ಗಣ್ಯರ ನುಡಿಗಳು, ಸನ್ಮಾನ ಇವೆಲ್ಲ ಮುಗಿಯುವ ಹೊತ್ತಿಗೆ ನಲವತ್ತು ನಿಮಿಷವೆಂದು ಹೇಳಿದ್ದ ಉಪನ್ಯಾಸಕ್ಕೆ ಹದಿನೈದು ನಿಮಿಷ ಉಳಿದಿರುತ್ತದೆ. ನಿರೂಪಕರು ಬಂದು ಕಿವಿಯಲ್ಲಿ ವಿನಯದಿಂದಲೇ ಹೇಳುತ್ತಾರೆ. ಆಗ ಮುಂದಿನ ಗುಂಡಿಯನ್ನು ಒಂದೇ ಸಮನೆ ಒತ್ತಿ ಹತ್ತಾರು ಸ್ಲೈಡುಗಳನ್ನು ಸಭೆಯ ಕಣ್ಣಮುಂದೆಯೇ ಓಡಿಸುವುದು ಬಹಳ ಕಡೆ ಕಾಣುವ ದೃಶ್ಯ. ತಮಗೆ ಸಿಗಬೇಕಾದದ್ದೇನೋ ತಪ್ಪಿಹೋಯಿತು ಎಂಬ ಭಾವನೆ ಕೇಳುಗರಲ್ಲಿ ಅಲ್ಲಿಯೇ ಹುಟ್ಟುತ್ತದೆ. ಆರ್‌400ರಲ್ಲಿ ಬೇಕಾದ ಸ್ಲೈಡಿಗೆ ನೇರವಾಗಿ ಹಾರುವ ವ್ಯವಸ್ಥೆ ಇಲ್ಲ. ಪವರ್‌ಪಾಯಿಂಟಿನಲ್ಲಿ ಅದು ಇದೆ: ಸ್ಲೈಡಿನ ಸಂಖ್ಯೆಯನ್ನು ಒತ್ತಿ ಎಂಟರ್ ಕೀ ಒತ್ತಿದರೆ ಪ್ರದರ್ಶನ ಅಲ್ಲಿಗೇ ಹೋಗುತ್ತದೆ. ಆದ್ದರಿಂದ ಲ್ಯಾಪ್‌ಟಾಪಿನ ಬಳಿ ಕೂತ ಹುಡುಗನನ್ನು ಕ್ಲಿಕ್ಕರ್ ಬಂದಿತೆಂದು ಎಬ್ಬಿಸಿ ಕಳುಹಿಸಬಾರದು. ಮುಖ್ಯ ಸ್ಲೈಡುಗಳ ಸಂಖ್ಯೆಗಳನ್ನು ಒಂದು ಚೀಟಿಯಲ್ಲಿ ಬರೆದು ಅವನ ಕೈಗೆ ಕೊಟ್ಟು, ತಾನು ಪರದೆಯನ್ನು ಕಪ್ಪಾಗಿಸಿ ಮಾತನಾಡುತ್ತಿರುವಾಗ ಸನ್ನೆ ಮಾಡಿದರೆ ಯಾವುದಕ್ಕೆ ಹೋಗಬೇಕೆಂದು ಮೊದಲೇ ಹೇಳಿಟ್ಟರೆ, ಸಭೆಗೆ ಏನೂ ತಿಳಿಯದಂತೆ ಭಾಷಣ ಚಿಕ್ಕದಾಗುತ್ತದೆ. ಇದಕ್ಕೂ ಮೇಲಿನ ಉಪಾಯವೆಂದರೆ ಹದಿನೈದು ನಿಮಿಷದ ಇನ್ನೊಂದು ಆವೃತ್ತಿಯನ್ನೇ ಬೇರೆ ಕಡತವಾಗಿ ಸಿದ್ಧಪಡಿಸಿಟ್ಟುಕೊಳ್ಳುವುದು. ಅದನ್ನು ತಯಾರಿಸುವಾಗಲೇ ನಾವು ನಿಜವಾಗಿ ಹೇಳಬೇಕಾದದ್ದು ಎಷ್ಟು ಎಂಬುದು ನಮಗೆ ತಿಳಿಯುತ್ತದೆ. ಎಷ್ಟೋ ಸಲ ಆ ಚಿಕ್ಕ ಆವೃತ್ತಿಯೇ ಹೆಚ್ಚು ಚೆನ್ನಾಗಿರುತ್ತದೆ.

ಪರದೆಯ ಮೇಲೆ ಏನಿದೆ ಎಂಬುದನ್ನು ಬಿಟ್ಟು ಕ್ಲಿಕ್ಕರಿನ ಗುಣವನ್ನು ಅಳೆಯಲು ಬರುವುದಿಲ್ಲ. ಓದಲು ಬಾರದ ಸ್ಲೈಡನ್ನು ಎಷ್ಟು ನಯವಾಗಿ ಮುಂದೆ ತಳ್ಳಿದರೂ ಅದು ಓದಲು ಬಾರದ್ದೇ. ಸಭಾಂಗಣಗಳ ಪರದೆಗೆ ಒಂದು ಹಳೆಯ ಲೆಕ್ಕವಿದೆ: ಅಕ್ಷರಗಳನ್ನು ಓದಬೇಕಾದ ಪ್ರದರ್ಶನದಲ್ಲಿ ಕಡೆಯ ಪ್ರೇಕ್ಷಕರು ಪರದೆಯ ಎತ್ತರದ ಆರು ಪಟ್ಟಿಗಿಂತ ದೂರದಲ್ಲಿರಬಾರದು, ಬರಿಯ ಚಿತ್ರ ನೋಡುವುದಾದರೆ ಎಂಟು ಪಟ್ಟಿನವರೆಗೆ ಆಗಬಹುದು. ಆರು ಅಡಿ ಎತ್ತರದ ಪರದೆಯಾದರೆ ಓದುವವರ ಮಿತಿ 36 ಅಡಿ. ನಮ್ಮ ಸಮುದಾಯ ಭವನಗಳ ಹಿಂದಿನ ಸಾಲು ಅದಕ್ಕೆ ಎರಡರಷ್ಟು ದೂರದಲ್ಲಿರುವುದು ಸಾಮಾನ್ಯ. ಕನ್ನಡ ಲಿಪಿಗಂತೂ ಈ ಲೆಕ್ಕವನ್ನು ಇನ್ನಷ್ಟು ಬಿಗಿಯಾಗಿ ಪಾಲಿಸಬೇಕು, ಏಕೆಂದರೆ ನಮ್ಮ ಒತ್ತಕ್ಷರಗಳು ಮೂಲಾಕ್ಷರದ ಕೆಳಗೆ ಚಿಕ್ಕದಾಗಿ ಕೂರುತ್ತವೆ. ‘ಲಕ್ಷ್ಮೀಶ’, ‘ಸ್ವಾತಂತ್ರ್ಯ’, ‘ವೈಶಿಷ್ಟ್ಯ’ ಇಂಥ ಪದಗಳಲ್ಲಿ ಎರಡು ಒತ್ತುಗಳು ಒಟ್ಟಾಗಿ ಬಂದಾಗ ದಪ್ಪ ಅಕ್ಷರವಿನ್ಯಾಸದಲ್ಲಿ ಅವು ತುಂಬಿಕೊಂಡು ಕಪ್ಪು ಮುದ್ದೆಯಾಗುತ್ತವೆ. ಸಾಲುಗಳ ನಡುವೆ ಜಾಗ ಸಾಲದಿದ್ದರೆ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಣಿತಕ್ಕೆ ತಾಗುತ್ತದೆ. ಒಂದು ಸ್ಲೈಡಿನಲ್ಲಿ ಮೂರು ನಾಲ್ಕು ಪದಗಳ ಒಂದು ಸಾಲು, ಒಂದು ದೊಡ್ಡ ಚಿತ್ರ. ಇದಕ್ಕಿಂತ ಹೆಚ್ಚಿನದ್ದು ದೊಡ್ಡ ಸಭೆಗೆ ಬೇಡವೆಂಬುದು ನನ್ನ ನಿಲುವು. ಅಂಕಿ ಅಂಶಗಳ ಕೋಷ್ಟಕವನ್ನು ಹಂಚುಪತ್ರವಾಗಿ ಕೊಟ್ಟರೆ ಕೇಳುಗರು ಮನೆಗೆ ಒಯ್ದು ನೋಡಬಹುದು.

ಲ್ಯಾಪ್‌ಟಾಪ್ ಬೇರೆಯವರದ್ದಾಗಿರುವುದರಿಂದ ಅಕ್ಷರವಿನ್ಯಾಸದ ಸಿದ್ಧತೆಯೂ ಆಗಿರಬೇಕು. ನುಡಿ, ಬರಹ ಮೊದಲಾದ ಕನ್ನಡ ಟೈಪಿಂಗ್ ತಂತ್ರಾಂಶಗಳ ಹಳೆಯ ಅಕ್ಷರವಿನ್ಯಾಸಗಳಲ್ಲಿ ಟೈಪ್ ಮಾಡಿದ ಸ್ಲೈಡುಗಳು ಆ ಫಾಂಟ್ ಇಲ್ಲದ ಲ್ಯಾಪ್‌ಟಾಪಿನಲ್ಲಿ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ಸಾಲಾಗಿ ತೋರುತ್ತವೆ. ಈಗಿನ ಕಂಪ್ಯೂಟರುಗಳೆಲ್ಲ ಗುರುತಿಸುವ ಯುನಿಕೋಡ್ ಎಂಬ ಅಕ್ಷರ ಸಂಕೇತದಲ್ಲಿ ಟೈಪ್ ಮಾಡಿದ್ದಕ್ಕೆ ಆ ಭಯವಿಲ್ಲ. ವಿಂಡೋಸ್ ಜೊತೆಗೆ ಬರುವ ತುಂಗಾ ಅಥವಾ ನಿರ್ಮಲಾ ಫಾಂಟಿನಲ್ಲಾದರೂ ಅದು ಕಾಣಿಸುತ್ತದೆ, ಸಾಲುಗಳು ಸ್ವಲ್ಪ ಅತ್ತಿತ್ತ ಸರಿಯಬಹುದಷ್ಟೆ. ಅದೂ ಸರಿಯದಿರಬೇಕಾದರೆ ವಿಂಡೋಸಿನ ಪವರ್‌ಪಾಯಿಂಟಿನಲ್ಲಿ ಫೈಲ್, ಆಪ್ಷನ್ಸ್, ಸೇವ್ ಎಂಬಲ್ಲಿಗೆ ಹೋಗಿ ಫಾಂಟನ್ನು ಕಡತದೊಳಗೇ ಸೇರಿಸುವ ಆಯ್ಕೆಗೆ ಗುರುತು ಹಾಕಿ ಉಳಿಸಬೇಕು, ಜೊತೆಗೆ ಅದರ ಪಿಡಿಎಫ್ ಪ್ರತಿಯೊಂದನ್ನು ಪೆನ್‌ಡ್ರೈವಿನಲ್ಲಿ ಇಟ್ಟುಕೊಳ್ಳಬೇಕು.

ಅಭ್ಯಾಸದ ವಿಷಯ ಹೇಳಿ ಸಾಧನದ ಕಡೆಗೆ ಮರಳುತ್ತೇನೆ. ಲ್ಯಾಪ್‌ಟಾಪಿನ ಮುಂದೆ ಕೂತು ಮನಸ್ಸಿನಲ್ಲೇ ಸ್ಲೈಡ್ ತಿರುವುವುದು ಅಭ್ಯಾಸವಾಗುವುದಿಲ್ಲ. ಕ್ಲಿಕ್ಕರ್ ಕೈಯಲ್ಲಿ ಹಿಡಿದು, ಎದ್ದು ನಿಂತು, ಲ್ಯಾಪ್‌ಟಾಪನ್ನು ನೋಡದೆ, ಗಟ್ಟಿಯಾಗಿ ಮಾತನಾಡಬೇಕು. ಮೇಜಿನಿಂದ ದೂರ ಬಂದವರಿಗೆ ಲ್ಯಾಪ್‌ಟಾಪಿನಲ್ಲಿ ಕಾಣುವ ಟಿಪ್ಪಣಿಗಳೂ ಮುಂದಿನ ಸ್ಲೈಡಿನ ಚಿತ್ರವೂ ಕಾಣುವುದಿಲ್ಲ. ಮುಂದೆ ಏನು ಬರುತ್ತದೆ ಎಂಬುದು ನೆನಪಿನಲ್ಲೇ ಇರಬೇಕು. ಮುಂದಿನ ಚಿತ್ರ ಬರುವ ಮೊದಲೇ ಅದಕ್ಕೆ ದಾರಿ ಮಾಡುವ ವಾಕ್ಯ ಬಾಯಿಗೆ ಬಂದು, ಆ ವಾಕ್ಯದ ಕೊನೆಯ ಪದದೊಂದಿಗೆ ಹೆಬ್ಬೆರಳು ಒತ್ತಿದರೆ ಸಭೆಗೆ ಚಿತ್ರ ಮಾತಿನಿಂದಲೇ ಹುಟ್ಟಿದಂತೆ ಕಾಣುತ್ತದೆ. ಚಿತ್ರ ಬಂದ ಮೇಲೆ ಅದನ್ನು ನೋಡಿ ನಮಗೇ ನೆನಪಾಗಿ ಮಾತು ಆರಂಭಿಸಿದರೆ ಆ ತಡವರಿಕೆ ಸಭೆಗೆ ತಿಳಿದುಬಿಡುತ್ತದೆ. ಪವರ್‌ಪಾಯಿಂಟಿನ ಸ್ಲೈಡ್ ಶೋ ಪಟ್ಟಿಯಲ್ಲಿ ಅಭ್ಯಾಸದ ಸಮಯವನ್ನು ಅಳೆಯುವ ರಿಹರ್ಸ್ ಟೈಮಿಂಗ್ಸ್ ಎಂಬ ವ್ಯವಸ್ಥೆಯಿದೆ. ಪ್ರತಿ ಸ್ಲೈಡಿನ ಮೇಲೆ ಎಷ್ಟು ಹೊತ್ತು ನಿಂತೆವು ಎಂಬುದನ್ನು ಅದು ಬರೆದಿಡುತ್ತದೆ. ಅಭ್ಯಾಸ ಮುಗಿದ ಮೇಲೆ ಆ ಸಮಯಗಳನ್ನು ಉಳಿಸಬೇಕೆ ಎಂದು ಕೇಳಿದಾಗ ಬೇಡವೆನ್ನಬೇಕು, ಇಲ್ಲದಿದ್ದರೆ ಸಭೆಯಲ್ಲಿ ಸ್ಲೈಡುಗಳು ತಾವಾಗಿಯೇ ಓಡತೊಡಗುತ್ತವೆ. ಸಭಾಂಗಣಕ್ಕೆ ಜನ ಬರುವ ಮೊದಲೇ ಹೋಗಿ, ಒಮ್ಮೆ ಕಡೆಯ ಸಾಲಿನ ಕುರ್ಚಿಯಲ್ಲಿ ಕೂತು ತನ್ನ ಸ್ಲೈಡನ್ನು ತಾನೇ ಓದಲು ಯತ್ನಿಸುವುದಕ್ಕಿಂತ ಒಳ್ಳೆಯ ಪರೀಕ್ಷೆ ಇನ್ನೊಂದಿಲ್ಲ.

ಇದೇ ಕಂಪನಿಯ ಬೇರೆ ಮಾದರಿಗಳ ಜೊತೆ ಹೋಲಿಸುವುದಾದರೆ, ಆರ್‌800 ಮಾದರಿಯಲ್ಲಿ ಹಸಿರು ಲೇಸರ್ ಇದೆ, ಸುಮಾರು 30 ಮೀಟರ್ ವ್ಯಾಪ್ತಿಯಿದೆ, ಸಮಯ ತೋರಿಸುವ ಪುಟ್ಟ ಪರದೆಯಿದೆ. ಮನುಷ್ಯರ ಕಣ್ಣು ಹಸಿರಿಗೆ ಹೆಚ್ಚು ಸೂಕ್ಷ್ಮವಾದ್ದರಿಂದ ಅದೇ ಶಕ್ತಿಯ ಹಸಿರು ಚುಕ್ಕೆ ಕೆಂಪಿಗಿಂತ ಪ್ರಖರವಾಗಿ ಕಾಣುತ್ತದೆ. ನಿಗದಿತ ಸಮಯದಲ್ಲಿ ಮುಗಿಸಲೇಬೇಕಾದ ವಿಚಾರ ಸಂಕಿರಣಗಳಲ್ಲಿ ಮಾತನಾಡುವವರಿಗೆ, ಲ್ಯಾಪ್‌ಟಾಪ್ ದೂರದಲ್ಲಿರುವ ದೊಡ್ಡ ಸಭಾಂಗಣಗಳಿಗೆ ಪದೇ ಪದೇ ಹೋಗುವವರಿಗೆ ಅದು ಹೆಚ್ಚಿನ ಬೆಲೆಗೆ ತಕ್ಕದ್ದು. ಸ್ಪಾಟ್‌ಲೈಟ್ ಎಂಬ ಇನ್ನೂ ದುಬಾರಿ ಮಾದರಿ ಸ್ಲೈಡಿನ ಒಂದು ಭಾಗವನ್ನು ಬೆಳಗಿಸಿ ಉಳಿದದ್ದನ್ನು ಮಸುಕಾಗಿಸುತ್ತದೆ, ಎಲ್‌ಇಡಿ ವಾಲ್‌ನಲ್ಲೂ ಅದು ಕಾಣುತ್ತದೆ. ಆದರೆ ಆ ಸೌಲಭ್ಯಕ್ಕೆ ಲ್ಯಾಪ್‌ಟಾಪಿನಲ್ಲಿ ಕಂಪನಿಯ ತಂತ್ರಾಂಶ ಹಾಕಿರಬೇಕು. ತಮ್ಮದೇ ಲ್ಯಾಪ್‌ಟಾಪ್ ಒಯ್ಯುವವರಿಗೆ ಸರಿ, ಮೈಕ್‌ಸೆಟ್‌ನವರ ಲ್ಯಾಪ್‌ಟಾಪನ್ನು ನೆಚ್ಚಿಕೊಂಡವರಿಗೆ ಅದರಿಂದ ಪ್ರಯೋಜನ ಕಡಿಮೆ. ಕೆಲವು ನೂರು ರೂಪಾಯಿಗೆ ಸಿಗುವ ಹೆಸರಿಲ್ಲದ ಕ್ಲಿಕ್ಕರ್‌ಗಳನ್ನು ತರಗತಿಗೆ ಬಳಸಬಹುದು. ಲೇಸರಿನ ಶಕ್ತಿಯನ್ನು ಮೈಮೇಲೆ ಸ್ಪಷ್ಟವಾಗಿ ಮುದ್ರಿಸದಿರುವುದನ್ನು ಮಾತ್ರ ಯಾವ ಬೆಲೆಗೂ ಕೊಳ್ಳಬಾರದು.

ವರ್ಷಕ್ಕೆ ಒಂದೆರಡು ಸಲ ಮಾತನಾಡುವ ಶಿಕ್ಷಕರೋ ಸಹಕಾರ ಸಂಘದ ಕಾರ್ಯದರ್ಶಿಗಳೋ ಇದನ್ನು ಸ್ವಂತಕ್ಕೆ ಕೊಳ್ಳಬೇಕಾಗಿಲ್ಲ; ಶಾಲೆಯೋ ಸಂಘವೋ ಒಂದನ್ನು ಕೊಂಡು ಕಚೇರಿಯ ಬೀರುವಿನಲ್ಲಿ ಎಕ್ಸ್‌ಟೆನ್ಷನ್ ವೈರ್ ಮತ್ತು ಒಂದು ಜೊತೆ ಸೆಲ್ ಸಹಿತ ಇಟ್ಟರೆ ಎಲ್ಲರಿಗೂ ಆಗುತ್ತದೆ. ಸೆಲ್‌ಗಳನ್ನು ಕ್ಲಿಕ್ಕರಿನೊಳಗೇ ಬಿಟ್ಟಿಡುವುದು ಬೇಡ, ತಿಂಗಳುಗಟ್ಟಲೆ ಬಳಸದಿದ್ದರೆ ಸೋರಿ ಒಳಗಿನ ತಗಡನ್ನು ತಿನ್ನುತ್ತವೆ. ಊರೂರಿಗೆ ಹೋಗಿ ನೂರಾರು ಜನರ ಮುಂದೆ ನಿಲ್ಲುವ ಕೃಷಿ ಅಧಿಕಾರಿಗಳಿಗೆ, ಆರೋಗ್ಯ ಇಲಾಖೆಯ ತರಬೇತುದಾರರಿಗೆ, ಕಾಲೇಜು ಉಪನ್ಯಾಸಕರಿಗೆ ಆರ್‌400 ತಮ್ಮದೇ ಚೀಲದಲ್ಲಿರಲಿ ಎಂದು ನಿಸ್ಸಂಕೋಚವಾಗಿ ಹೇಳುತ್ತೇನೆ. ಐದರಲ್ಲಿ ನಾಲ್ಕು ಅಂಕ ಕೊಡುತ್ತೇನೆ. ಒಂದು ಅಂಕವನ್ನು ಅಕ್ಕಪಕ್ಕದಲ್ಲಿರುವ ಆ ಎರಡು ಸಣ್ಣ ಗುಂಡಿಗಳಿಗಾಗಿಯೂ, ದೊಡ್ಡ ಸಭಾಂಗಣಕ್ಕೆ ಸಾಲದ ವ್ಯಾಪ್ತಿಗಾಗಿಯೂ ಕಳೆದಿದ್ದೇನೆ.